ಭಾಮಿನಿ ಷಟ್ಪದಿಯ ಸಾಲು ಕಟ್ಟುವ ಬಗೆ

ಮುಂಬಯಿಯ ಕನ್ನಡಿಗರಲ್ಲಿ ಅನೇಕರಿಗೆ ಷಟ್ಪದಿಯ ನಡೆ ಪಠ್ಯಪುಸ್ತಕಕ್ಕಿಂತ ಮೊದಲು ಯಕ್ಷಗಾನದ ಭಾಗವತರ ಕಂಠದಿಂದಲೇ ಕಿವಿಗೆ ಬಿದ್ದಿರುತ್ತದೆ. ಆ ಕಿವಿಯನ್ನು ನೆಚ್ಚಿ ಬರೆಯಲು ಕುಳಿತವರು ಮೊದಲು ಲಘು-ಗುರು ಗುರುತಿಸುವುದನ್ನು ರೂಢಿಸಿಕೊಳ್ಳಬೇಕು. ಹ್ರಸ್ವಾಕ್ಷರ ಲಘು, ಅದಕ್ಕೆ ಒಂದು ಮಾತ್ರೆ, ಅಂದರೆ ಉಚ್ಚಾರದ ಕಾಲದ ಒಂದು ಅಳತೆ. ದೀರ್ಘಾಕ್ಷರ, ಅನುಸ್ವಾರ ಅಥವಾ ವಿಸರ್ಗ ಕೂಡಿದ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಇವೆಲ್ಲ ಗುರು, ಇವಕ್ಕೆ ಎರಡು.

ಭಾಮಿನಿಯ 1, 2, 4, 5ನೆಯ ಸಾಲುಗಳಲ್ಲಿ 3+4+3+4ರಂತೆ 14 ಮಾತ್ರೆಗಳಿರುತ್ತವೆ. 3 ಮತ್ತು 6ನೆಯ ಸಾಲುಗಳಲ್ಲಿ ಅದೇ ಮೂರು-ನಾಲ್ಕರ ಜೋಡಿ ಮೂರು ಸಲ ಬಂದು, ಕೊನೆಗೊಂದು ಗುರು ನಿಂತು, 23 ಆಗುತ್ತದೆ. ಕುಮಾರವ್ಯಾಸ ತನ್ನ ಭಾರತದ ಹತ್ತು ಪರ್ವಗಳನ್ನು ನಡೆಸಿದ್ದು ಈ ಅಳತೆಯಲ್ಲೇ.

ಒಂದು ಸಾಲು ಕಟ್ಟಿ ನೋಡೋಣ: "ದಾದರಿನ ನಿಲ್ದಾಣ ದಾಟುತ". ಗಣಗಳಾಗಿ, ಅಂದರೆ ಮೂರು-ನಾಲ್ಕು ಮಾತ್ರೆಗಳ ಗುಂಪುಗಳಾಗಿ, ವಿಂಗಡಿಸಿದರೆ ದಾದ | ರಿನ ನಿಲ್ | ದಾಣ | ದಾಟುತ. ಪದಗಳು ಗಣದ ನಡುವೆಯೇ ಒಡೆದಿವೆ, ಅದು ದೋಷವಲ್ಲ. ಪ್ರತಿ ಪದವೂ ಗಣದೊಂದಿಗೇ ಮುಗಿಯುತ್ತ ಹೋದರೆ ಪದ್ಯ ಮಗ್ಗಿಯಂತೆ ಕೇಳಿಸುತ್ತದೆ. ಎರಡನೆಯ ಸಾಲು "ಹಾದಿ ಹಿಡಿದಾಗ ಮಾಟುಂಗದ" ಎಂದಿರಲಿ. ಮೊದಲ ಸಾಲಿನಂತೆ ಇಲ್ಲೂ ಎರಡನೆಯ ಅಕ್ಷರ ದಕಾರವಾದ್ದರಿಂದ ಆದಿಪ್ರಾಸ ಕೂಡಿತು, ಮಾತ್ರೆಯೂ 14 ಆಯಿತು. ಆದರೆ "ತಕಿಟ ತಕಧಿಮಿ" ಎಂದು ತಟ್ಟುತ್ತ ಓದಿದರೆ ಮೂರನೆಯ ಗಣದಲ್ಲಿ ನಾಲಿಗೆ ಮುಗ್ಗರಿಸುತ್ತದೆ. ಅಲ್ಲಿ ಬಂದಿರುವುದು "ಗಮಾ", ಅಂದರೆ ಲಘುವಿನ ಬೆನ್ನಿಗೇ ಗುರು. ಹೀಗೆ ಆರಂಭವಾಗುವ ಗಣವನ್ನು ಕನ್ನಡದ ಮಾತ್ರಾಲಯ ಒಗ್ಗಿಸಿಕೊಳ್ಳುವುದಿಲ್ಲ. ಬೆರಳೆಣಿಕೆ ಇದನ್ನು ಹಿಡಿಯದು, ಕಿವಿ ಹಿಡಿಯುತ್ತದೆ. ಆದ್ದರಿಂದ ಎಣಿಸಿ ಮುಗಿದ ಮೇಲೆ ಗಟ್ಟಿಯಾಗಿ ಓದದೆ ಯಾವ ಸಾಲನ್ನೂ ಒಪ್ಪಬಾರದು. "ಹಾದಿ ಹಿಡಿದೆನು ಸಂಜೆ ಮಳೆಯಲಿ" ಎಂದು ತಿದ್ದಿದರೆ ನಡೆ ಸರಿಹೋಗುತ್ತದೆ, ಮಾಟುಂಗ ಮಾತ್ರ ಕೈಬಿಟ್ಟು ಹೋಗುತ್ತದೆ.

ಅದನ್ನು ಉಳಿಸಿಕೊಳ್ಳಲೇಬೇಕೆಂದರೆ ಛಂದಸ್ಸನ್ನೇ ಬದಲಿಸುವುದು ಮೇಲು. "ಮಾಟುಂಗ" ಐದು ಮಾತ್ರೆಯ ಪೂರ್ಣ ಗಣ. ಅಂಧೇರಿ, ಚೆಂಬೂರು, ಡೊಂಬಿವಲಿ ಕೂಡ ಹಾಗೆಯೇ. "ಮಾಟುಂಗ ಚೆಂಬೂರು ಡೊಂಬಿವಲಿ ಅಂಧೇರಿ" ಎಂದು ಸುಮ್ಮನೆ ಜೋಡಿಸಿದರೂ ವಾರ್ಧಕವೆಂಬ ಇನ್ನೊಂದು ಷಟ್ಪದಿಯ 20 ಮಾತ್ರೆಯ ಮೊದಲ ಸಾಲು ಸಿದ್ಧವಾಗುತ್ತದೆ. ಮುಂದಿನ ಸಾಲುಗಳ ಪ್ರಾಸಕ್ಕೆ ಗುರುವಿನ ಮುಂದೆ ಟಕಾರವಿರುವ ಆಟ, ನೋಟ, ಕೂಟ, ದಾಟಿ ಮುಂತಾದ ಮಾತುಗಳನ್ನು ಮೊದಲೇ ಗುರುತು ಹಾಕಿಟ್ಟುಕೊಳ್ಳಬೇಕು.