ಕ್ರ್ಯಾಶ್ ಆಗುತ್ತಿದ್ದ ಪ್ಲಗಿನ್‌ಗಳು: ಒಂದನ್ನು ಉಳಿಸಿಕೊಂಡೆ, ಇನ್ನೊಂದನ್ನು ಬಂದ್ ಮಾಡಿದೆ

2014ರಲ್ಲಿ ಶಿವಮೊಗ್ಗದ ಒಂದು ಆಡಿಟರ್ ಆಫೀಸಿನ ಏಳು ಕಂಪ್ಯೂಟರ್‌ಗಳನ್ನು ನಾನು ನೋಡಿಕೊಳ್ಳುತ್ತಿದ್ದೆ. ಆಡಿಟ್ ಸೀಸನ್. ಮಧ್ಯಾಹ್ನ ಫೋನ್ ಬಂತು. "ಸರ್, ಸಹಿ ಹಾಕೋಕೆ ಹೋದ್ರೆ ಮತ್ತೆ ಬೂದು ಡಬ್ಬಿ ಬರ್ತಿದೆ, ಬೇಗ ಬನ್ನಿ" ಅಂದರು ಅಲ್ಲಿನ ಅಸಿಸ್ಟೆಂಟ್.

ಫೈರ್‌ಫಾಕ್ಸ್ ಬ್ರೌಸರ್‌ನಲ್ಲಿ ಪ್ಲಗಿನ್, ಅಂದರೆ ಬ್ರೌಸರ್‌ಗೆ ಹೆಚ್ಚುವರಿ ಕೆಲಸ ಕಲಿಸುವ ಸಣ್ಣ ಸಾಫ್ಟ್‌ವೇರ್, ಸತ್ತಾಗ ಪುಟದ ನಡುವೆ ಬರುತ್ತಿದ್ದ ಡಬ್ಬಿ ಅದು. ಡಿಜಿಟಲ್ ಸಹಿಗೆ ಆಗ ಪ್ಲಗಿನ್ ಬೇಕೇ ಬೇಕಿತ್ತು. ಅದೇ ಮೆಷಿನ್‌ನಲ್ಲಿ ಯಾರೋ ವಿಡಿಯೊ ನೋಡಲು ಹಾಕಿಕೊಂಡ ಇನ್ನೊಂದು ಪ್ಲಗಿನ್ ಕೂಡ ದಿನಾ ಬೀಳುತ್ತಿತ್ತು. ಎರಡನ್ನೂ ಬ್ಲಾಕ್ ಮಾಡಿಬಿಡೋಣ ಅಂತ ನನಗೆ ಮೊದಲು ಅನ್ನಿಸಿದ್ದು ನಿಜ. ಆದರೆ ಸಹಿ ಇಲ್ಲದೆ ರಿಟರ್ನ್ ಹೋಗಲ್ಲ, ಅಲ್ವಾ?

ಹಾಗಾಗಿ ಪಕ್ಕದಲ್ಲೇ ಕೂತು ನೋಡಿದೆ. ಅವರು ಟೋಕನ್ (ಡಿಜಿಟಲ್ ಸಹಿ ಇರುವ ಯುಎಸ್‌ಬಿ ಕಡ್ಡಿ) ಚುಚ್ಚಿ ಸಹಿಯ ಬಟನ್ ಒತ್ತಿದರು. ಟೋಕನ್‌ನ ಲೈಟ್ ಮಿಣಮಿಣ ಅನ್ನುತ್ತಲೇ ಇತ್ತು. ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಹಚ್ಚಿದೆ. ಮೂರು ಸಲವೂ ಸುಮಾರು 45 ಸೆಕೆಂಡಿಗೆ ಸರಿಯಾಗಿ ಡಬ್ಬಿ ಬಂತು. ಕೆಟ್ಟುಹೋದದ್ದು ಹೀಗೆ ಗಡಿಯಾರ ನೋಡಿಕೊಂಡು ಬೀಳಲ್ಲ. ಅಲ್ಲೇ ಸುಳಿವು ಸಿಕ್ಕಿತು.

2010ರ ಜೂನ್‌ನಲ್ಲಿ ಬಂದ ಫೈರ್‌ಫಾಕ್ಸ್ 3.6.4ರಿಂದ ಪ್ಲಗಿನ್‌ಗಳು ಬ್ರೌಸರ್‌ನೊಳಗೆ ಅಲ್ಲದೆ ಬೇರೆ ಪ್ರೋಸೆಸ್‌ನಲ್ಲಿ ಓಡಲು ಶುರುವಾದವು. ಪ್ಲಗಿನ್ ಬಿದ್ದರೂ ಬ್ರೌಸರ್ ಉಳಿಯುತ್ತಿತ್ತು. ಇಷ್ಟು ಸೆಕೆಂಡು ಉತ್ತರ ಕೊಡದಿದ್ದರೆ ಬ್ರೌಸರ್ ತಾನೇ ಪ್ಲಗಿನ್ನನ್ನು ನಿಲ್ಲಿಸುತ್ತಿತ್ತು. ಆ ಮಿತಿ ಮೊದಲು 10 ಸೆಕೆಂಡ್ ಇತ್ತು. ನಿಧಾನದ ಮೆಷಿನ್‌ಗಳಲ್ಲಿ ಫೇಸ್‌ಬುಕ್‌ನ ಫಾರ್ಮ್‌ವಿಲ್ ಆಟ ಆಡುವವರಿಗೆ ಅದು ಸಾಲದೆ, ಕೆಲವೇ ದಿನದಲ್ಲಿ 3.6.6 ತಂದು 45ಕ್ಕೆ ಏರಿಸಿದರು. ನಮ್ಮ ಪ್ಲಗಿನ್ ಸತ್ತಿರಲಿಲ್ಲ, ತಡ ಮಾಡುತ್ತಿತ್ತು ಅಷ್ಟೇ.

ಫೈರ್‌ಫಾಕ್ಸ್‌ನ ಒಳಗಿನ ಸೆಟ್ಟಿಂಗ್ ಪುಟವಾದ ಅಬೌಟ್:ಕಾನ್ಫಿಗ್ ತೆರೆದು ಆ ಮಿತಿಯನ್ನು, ಅಂದರೆ ಪ್ಲಗಿನ್ ಟೈಮ್‌ಔಟನ್ನು, 120 ಸೆಕೆಂಡಿಗೆ ಏರಿಸಿದೆ. ಒಂದು ನಿಮಿಷ ದಾಟಿದ ಮೇಲೆ ಪಿನ್ ಕೇಳಿತು. ಆ ಅಸಿಸ್ಟೆಂಟ್ "ಅಬ್ಬಾ!" ಅಂದರು. ಅವತ್ತಿನ ಫೈಲ್‌ಗಳು ಹೋದವು. ಆದರೆ ಇದು ರಿಪೇರಿ ಅಲ್ಲ, ರೋಗ ಯಾವುದು ಅಂತ ಗೊತ್ತಾಗಿದ್ದು ಮಾತ್ರ. ಸಂಜೆ ಹುಡುಕಿದಾಗ ಟೋಕನ್ ಡ್ರೈವರ್ ಎರಡು ಸಲ, ಬೇರೆ ಬೇರೆ ವರ್ಷನ್‌ನಲ್ಲಿ ಕೂತಿತ್ತು. ಎರಡನ್ನೂ ತೆಗೆದು ಹೊಸದೊಂದನ್ನೇ ಹಾಕಿದೆ. ಪಿನ್ ಕಿಟಕಿ 20 ಸೆಕೆಂಡಿನೊಳಗೆ ಬರತೊಡಗಿತು. ಟೈಮ್‌ಔಟನ್ನು ಮತ್ತೆ 45ಕ್ಕೇ ಇಳಿಸಿದೆ. ಸುಮ್ನೆ ಜಾಸ್ತಿ ಬಿಟ್ಟರೆ ನಿಜವಾಗಿ ಹ್ಯಾಂಗ್ ಆದಾಗ ಎರಡು ನಿಮಿಷ ಕೈಕಟ್ಟಿ ಕೂರಬೇಕು.

ವಿಡಿಯೊ ಪ್ಲಗಿನ್‌ಗೆ ಇಷ್ಟು ಯೋಚನೆ ಬೇಕಾಗಲಿಲ್ಲ. ಅದು ಯಾವಾಗ ಬೀಳುತ್ತೆ ಅಂತ ಲೆಕ್ಕವೇ ಇರಲಿಲ್ಲ. ಹೊಸ ವರ್ಷನ್ ಹಾಕಿದರೂ ಬಿತ್ತು. ಆಫೀಸಿನ ಒಂದು ಕೆಲಸಕ್ಕೂ ಅದು ಬೇಡವಾಗಿತ್ತು. ಆಡ್-ಆನ್ಸ್ ಪುಟದಲ್ಲಿ 'ನೆವರ್ ಆಕ್ಟಿವೇಟ್' ಕೊಟ್ಟೆ.

ಸಹಿಯ ಪ್ಲಗಿನ್‌ಗೆ 'ಆಸ್ಕ್ ಟು ಆಕ್ಟಿವೇಟ್' ಇಟ್ಟು, ಸಹಿ ಮಾಡುವ ಸೈಟ್‌ಗೆ ಮಾತ್ರ ಒಪ್ಪಿಗೆ ಕೊಟ್ಟೆ. ಇದನ್ನು ಒತ್ತಿ ಹೇಳುತ್ತೇನೆ. ಹಳೆಯ ಪ್ಲಗಿನ್‌ಗಳ ತೂತಿನಲ್ಲೇ ವೈರಸ್ ನುಗ್ಗುತ್ತಿದ್ದ ಕಾಲ ಅದು. ಆಡಿಟರ್ ಆಫೀಸಿನಲ್ಲಿರೋದು ಊರವರ ಲೆಕ್ಕಪತ್ರ. ಕೆಲಸಕ್ಕೆ ಬೇಕು ಅಂತ ಎಲ್ಲ ಸೈಟ್‌ಗೂ ಬಾಗಿಲು ತೆಗೆದಿಟ್ಟರೆ ಹೇಗೆ?

2017ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್ 52 ಬಂದು, ಫ್ಲ್ಯಾಶ್ ಒಂದನ್ನು ಬಿಟ್ಟು ಹಳೆಯ ಪ್ಲಗಿನ್‌ಗಳನ್ನೆಲ್ಲ ಕೈಬಿಟ್ಟಿತು. ಸಂಸ್ಥೆಗಳಿಗೆಂದು ಹೆಚ್ಚು ಕಾಲ ಬೆಂಬಲ ಕೊಡುವ ಆವೃತ್ತಿಯಾದ ಇಎಸ್‌ಆರ್ 52ರಲ್ಲಿ ಮಾತ್ರ ಅವು ಓಡುತ್ತಿದ್ದವು. ಅದನ್ನು ಒಂದೇ ಮೆಷಿನ್‌ಗೆ ಹಾಕಿ, ಮಾನಿಟರ್ ಮೇಲೆ 'ಸಹಿಗೆ ಮಾತ್ರ' ಅಂತ ಚೀಟಿ ಅಂಟಿಸಿದೆ. ಮೇಲ್ ನೋಡೋಕೂ ಯಾರನ್ನೂ ಬಿಡಲಿಲ್ಲ. ಸಹಿಗೆ ಪ್ಲಗಿನ್ ಬೇಡದ ಬೇರೆ ಸಾಫ್ಟ್‌ವೇರ್ ಬಂದ ದಿನವೇ ಆ ಬ್ರೌಸರನ್ನು ತೆಗೆದು ಚೀಟಿ ಕಿತ್ತೆ.