ಕ್ಯೂರಿಂಗ್ ವರ್ಕ್ಸ್‌ನಲ್ಲಿ ಅರ್ಥಿಂಗ್ ಒಗ್ಗೂಡಿಸಿದ ಬಗೆ

ಚಿಕ್ಕಮಗಳೂರಿನ ಹೊರವಲಯದ ಕಾಫಿ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ, ಬೀಜದ ಬಣ್ಣ ನೋಡಿ ಬೇರ್ಪಡಿಸುವ ಸಾರ್ಟರ್, ಎಲೆಕ್ಟ್ರಾನಿಕ್ ತೂಕದ ಯಂತ್ರ ಮತ್ತು ಆಫೀಸಿನ ಕಂಪ್ಯೂಟರ್ ಡೇಟಾ ಕೇಬಲ್‌ಗಳ ಮೂಲಕ ಸೇರಿಕೊಂಡಿದ್ದವು. ಕಂಪ್ಯೂಟರಿನ ಪೋರ್ಟ್ ಮಾತ್ರ ಪದೇಪದೇ ಸುಡುತ್ತಿತ್ತು. ಇವೆಲ್ಲ ಬೇರೆ ಬೇರೆ ಫೇಸಿನಲ್ಲಿರುವುದೇ ಕಾರಣವೆಂದು ಅಲ್ಲಿನವರು ನಂಬಿದ್ದರು. ಎರಡು ಫೇಸುಗಳ ನಡುವೆ ಸುಮಾರು 400 ವೋಲ್ಟ್ ಇರುತ್ತದೆ, ನಿಜ. ಆದರೆ ಎಲ್ಲದರ ಲೋಹದ ಮೈ ಒಂದೇ ಅರ್ಥಿಂಗ್‌ಗೆ ಭದ್ರವಾಗಿ ಸೇರಿದ್ದರೆ, ಫೇಸ್ ಬೇರೆಯಾದ ಮಾತ್ರಕ್ಕೆ ಪೋರ್ಟ್ ಸುಡುವುದಿಲ್ಲ.

ಡೇಟಾ ಕೇಬಲ್ ಬಿಚ್ಚಿ, ಕಂಪ್ಯೂಟರಿನ ಮೈಗೂ ತೂಕದ ಯಂತ್ರದ ಮೈಗೂ ನಡುವೆ ನಾನು ಮೀಟರ್ ಇಟ್ಟಾಗ ನೂರು ವೋಲ್ಟಿನ ಆಸುಪಾಸು ತೋರಿಸಿತು. ಅಲ್ಲಿಗೇ ಸಣ್ಣ ಬಲ್ಬೊಂದನ್ನು ಜೋಡಿಸಿದಾಗ ಅದು ಉರಿಯದೆ, ವೋಲ್ಟೇಜ್ ಕುಸಿದುಹೋಯಿತು. ಕಂಪ್ಯೂಟರಿನ ಪವರ್ ಸಪ್ಲೈಯಲ್ಲಿ ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಮೈಗೆ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಅರ್ಥಿಂಗ್ ಕಡಿದಿದ್ದರೆ ಮೈ 230 ವೋಲ್ಟಿನ ಅರ್ಧದಷ್ಟಕ್ಕೆ ಏರಿ ನಿಲ್ಲುತ್ತದೆ. ಆ ಕೆಪಾಸಿಟರ್‌ಗಳ ಮೂಲಕ ಬರುವ ಕರೆಂಟ್ ಬಲ್ಬ್ ಉರಿಸಲೂ ಸಾಲದಷ್ಟು ಅತ್ಯಲ್ಪವೇ ಆದರೂ, ಯಂತ್ರ ಚಾಲೂ ಇರುವಾಗ ಕೇಬಲ್ ಸಿಕ್ಕಿಸಿದರೆ ಪೋರ್ಟ್ ಕೆಡಲು ಸಾಕು. ಹುಡುಕಿದಾಗ ಆಫೀಸಿನ ಅರ್ಥಿಂಗ್ ಗುಂಡಿಯ ಬಳಿ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ ತುಕ್ಕು ಹಿಡಿದು ಕಡಿದಿತ್ತು.

ತಂತಿ ಜೋಡಿಸಿ ಹೊರಟುಬಿಡಬಹುದಿತ್ತು. ಆದರೆ ಆಫೀಸಿಗೊಂದು, ಯಂತ್ರದ ಶೆಡ್ಡಿಗೊಂದು ಎಂದು ಗುಂಡಿಗಳು ಬೇರೆಯಾಗಿದ್ದವು. ಕ್ಯೂರಿಂಗ್ ಕೆಲಸ ಜೋರಾಗಿರುವ ಬೇಸಿಗೆಯಲ್ಲೇ ಮಣ್ಣು ಒಣಗಿ ಗುಂಡಿಯ ರೋಧ ಏರುತ್ತದೆ. ಆಗ ಶೆಡ್ಡಿನಲ್ಲಿ ಮೋಟಾರ್ ಶಾರ್ಟ್ ಆದರೆ, ಅಥವಾ ಹೂಮಳೆಯೊಂದಿಗೆ ಸಿಡಿಲು ಬಡಿದರೆ, ಎರಡು ಗುಂಡಿಗಳ ನಡುವಿನ ವೋಲ್ಟೇಜ್ ವ್ಯತ್ಯಾಸದಿಂದ ಕರೆಂಟ್ ಡೇಟಾ ಕೇಬಲ್ಲಿನ ಲೋಹದ ಜಾಲರಿ ಹೊದಿಕೆಯ ಮೂಲಕವೇ ಹರಿಯುತ್ತದೆ. ಆದ್ದರಿಂದ ಎರಡನ್ನೂ ಜಿಐ ಪಟ್ಟಿಯಿಂದ ಬೆಸೆದು, ಮುಖ್ಯ ಪ್ಯಾನೆಲ್ಲಿನ ಬಳಿ ಕೂರಿಸಿದ ತಾಮ್ರದ ಪಟ್ಟಿಗೆ ತಂದು, ಅಲ್ಲಿಂದ ಪ್ರತಿ ಉಪಕರಣದ ಮೈಗೂ ಪ್ರತ್ಯೇಕ ತಾಮ್ರದ ತಂತಿ ಎಳೆದೆ. ಒಂದರ ಮೈಯಿಂದ ಇನ್ನೊಂದಕ್ಕೆ ಸರಪಳಿಯಂತೆ ಜೋಡಿಸುವುದನ್ನು ನಾನು ಒಪ್ಪುವುದಿಲ್ಲ; ನಡುವಿನ ಯಂತ್ರವನ್ನು ರಿಪೇರಿಗೆ ಕಳಚಿದ ದಿನ ಮುಂದಿನದೆಲ್ಲ ಅರ್ಥಿಂಗ್ ಕಳೆದುಕೊಳ್ಳುತ್ತದೆ. ಫೇಸುಗಳನ್ನು ಮುಟ್ಟಲಿಲ್ಲ.

ಸಾಕೆಟ್ಟಿನಲ್ಲೇ ನ್ಯೂಟ್ರಲ್ ಅನ್ನು ಅರ್ಥಿಂಗ್ ಪಿನ್ನಿಗೆ ಸೇರಿಸಿಬಿಡಿ ಎಂಬ ಸಲಹೆಯೂ ಬಂದಿತ್ತು. ಹಾಗೆ ಮಾಡಿದ ಮೇಲೆ ಎಂದಾದರೂ ನ್ಯೂಟ್ರಲ್ ಕಡಿದರೆ 230 ವೋಲ್ಟ್ ನೇರವಾಗಿ ಯಂತ್ರದ ಮೈಗೆ ಬರುತ್ತದೆ, ಹಾಗಾಗಿ ಖಂಡಿತ ಬೇಡವೆಂದೆ. ಕೊನೆಗೆ ಶೆಡ್ಡಿನಿಂದ ಆಫೀಸಿಗೆ ಹೋಗುವ ಡೇಟಾ ಮಾರ್ಗಕ್ಕೆ ಬೆಳಕಿನ ಮೂಲಕ ಸಂಕೇತ ದಾಟಿಸುವ ಐಸೊಲೇಟರ್ ಹಾಕಿ, ಕೇಬಲ್ ಕಳಚಿಟ್ಟು ಮೈಯಿಂದ ಮೈಗೆ ಮತ್ತೆ ಅಳೆದಾಗ ಮೀಟರ್ ಒಂದು ವೋಲ್ಟನ್ನೂ ತೋರಿಸಲಿಲ್ಲ.