ಪರದೆಯ ಚಿತ್ರಕ್ಕೆ ಕಾಗದದ ಗುಣ

ಟ್ಯಾಬ್ಲೆಟ್‌ನಲ್ಲಿ ಬಿಡಿಸಿದ ಆಗುಂಬೆಯ ಮಳೆ ಎಷ್ಟೋ ಸಲ ಒದ್ದೆಯಾಗಿ ಕಾಣುವುದೇ ಇಲ್ಲ. ಬಣ್ಣ ನುಣುಪು, ಅಂಚು ಚೂಪು, ಎಲ್ಲ ಕಡೆ ಒಂದೇ ಹದ. ಜಲವರ್ಣದಲ್ಲಾದರೆ ನೀರು, ಕಾಗದ, ಕುಂಚ ಮೂರೂ ತಮ್ಮ ಹಟ ಸಾಧಿಸುತ್ತವೆ. ಚಿತ್ರವೆಲ್ಲ ಮುಗಿದ ಮೇಲೆ ಕಾಗದದ ಫಿಲ್ಟರ್ ಹೊದಿಸಿದರೆ ಆ ಹಟ ಬರುವುದಿಲ್ಲ. ಅದಕ್ಕೆ ಮೊದಲ ಗೆರೆಯಿಂದಲೇ ಜಾಗ ಕೊಡಬೇಕು.

ಅಡಿಕೆ ತೋಟದ ಪಕ್ಕ ಒಂದು ಹೆಂಚಿನ ಮನೆ, ಹಿಂದೆ ಮಂಜು ಕವಿದ ಗುಡ್ಡ. ಇದನ್ನೇ ಬಿಡಿಸೋಣ. ಚಿತ್ರ ಬಿಡಿಸಲು ಉಚಿತವಾಗಿ ಸಿಗುವ ಕ್ರೀಟಾ ಎಂಬ ಸಾಫ್ಟ್‌ವೇರ್ ಧಾರಾಳ ಸಾಕು. ಪ್ರೊಕ್ರಿಯೇಟ್, ಫೋಟೊಶಾಪ್ ಇದ್ದವರಿಗೂ ಕ್ರಮ ಇದೇ. ಒತ್ತಡ ಗುರುತಿಸುವ ಪೆನ್ ಇರಲಿ.

ಮೊದಲು ಕಾಗದ. ಎ4 ಅಳತೆಗೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) 2480 × 3508 ಪಿಕ್ಸೆಲ್ ಇಟ್ಟುಕೊಳ್ಳಿ. ಹಿನ್ನೆಲೆಗೆ ಅಚ್ಚ ಬಿಳಿ ಬೇಡ, ತುಸು ಕೆನೆಬಣ್ಣ ಕೊಡಿ. ಇನ್ನು ತರಿ, ಅಂದರೆ ಕಾಗದದ ಮೇಲ್ಮೈಯ ಉಬ್ಬುತಗ್ಗು. 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ಒರಟು ಜಲವರ್ಣ ಕಾಗದದ ಒಂದು ಹಾಳೆ ತಂದು, ಓರೆ ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟು, ನೇರ ಮೇಲಿನಿಂದ ಫೋಟೊ ತೆಗೆಯಿರಿ. ಮಲೆನಾಡಿನ ಜುಲೈನಲ್ಲಿ ಬಿಸಿಲನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಮೇಜಿನ ದೀಪವನ್ನು ಪಕ್ಕಕ್ಕೆ ತಗ್ಗಿಸಿ ಇಟ್ಟರೂ ತರಿಯ ನೆರಳು ಎದ್ದು ಬರುತ್ತದೆ. ಫೋಟೊವನ್ನು ಕಪ್ಪು–ಬಿಳುಪು ಮಾಡಿ ಬ್ರಷ್‌ನ ಟೆಕ್ಸ್ಚರ್ ಆಯ್ಕೆಗೆ ಸೇರಿಸಿ. ಈಗ ಪೆನ್ ಹಗುರಾಗಿ ಎಳೆದರೆ ಬಣ್ಣ ತರಿಯ ತುದಿಗಷ್ಟೇ ಹತ್ತುತ್ತದೆ, ಒತ್ತಿದರೆ ಗುಳಿಗೂ ಇಳಿಯುತ್ತದೆ. ಇದೊಂದನ್ನು ಸರಿಯಾಗಿ ಮಾಡಿಕೊಂಡರೆ ಅರ್ಧ ಕೆಲಸ ಆದಂತೆ.

ಬಣ್ಣ ಹಚ್ಚಲು ಬ್ರಷ್ ಮೂರೇ ಸಾಕು: ಅಗಲ ಲೇಪನಕ್ಕೊಂದು, ಮೊನೆಯ ದುಂಡು ಕುಂಚ, ಒಣ ಒರಟು ಕುಂಚ.

ಬಣ್ಣ ತಿಳಿಯಿಂದ ಗಾಢಕ್ಕೆ ಹೋಗಲಿ. ಬಿಳಿ ಬಣ್ಣವನ್ನು ಮುಟ್ಟಲೇಬೇಡಿ. ಒದ್ದೆ ಹೆಂಚಿನ ಹೊಳಪು, ಬಚ್ಚಲ ಒಲೆಯ ಹೊಗೆ, ಎರಡಕ್ಕೂ ಖಾಲಿ ಕಾಗದವನ್ನೇ ಉಳಿಸಿ. ಲೇಪನದ ಲೇಯರ್‌ಗಳನ್ನು ಮಲ್ಟಿಪ್ಲೈ ಮೋಡ್‌ನಲ್ಲಿಟ್ಟರೆ ಕೆಳಗಿನ ಬಣ್ಣ ಮೇಲಿನದರೊಳಗಿಂದ ಕಾಣುತ್ತದೆ. ಗುಡ್ಡದ ನೆತ್ತಿಯ ಗೆರೆ ಗಟ್ಟಿಯಾಗಿರಲಿ, ಬುಡವನ್ನು ಬಣ್ಣ ತೀಡಿ ಹರಡುವ ಸ್ಮಜ್ ಬ್ರಷ್‌ನಿಂದ ಪೂರ್ತಿ ಕರಗಿಸಿಬಿಡಿ. ಮಂಜು ಹುಟ್ಟುವುದು ಅಲ್ಲಿಯೇ.

ನಿಜವಾದ ಜಲವರ್ಣ ಒಣಗುವಾಗ ಅಂಚಿನ ನೀರು ಬೇಗ ಆರುತ್ತದೆ, ಒಳಗಿನ ನೀರು ಬಣ್ಣದ ಕಣಗಳನ್ನು ಹೊತ್ತು ಅತ್ತ ಹರಿಯುತ್ತದೆ. ಲೇಪನದ ಸುತ್ತ ಗಾಢ ಗೆರೆ ಮೂಡುವುದು ಇದರಿಂದಲೇ. ಫೋಟೊಶಾಪ್‌ನಲ್ಲಿ ಇದಕ್ಕೆ ‘ವೆಟ್ ಎಡ್ಜಸ್’ ಆಯ್ಕೆಯಿದೆ. ಇಲ್ಲದವರು ಅದೇ ಬಣ್ಣದ ಗಾಢ ಛಾಯೆಯಿಂದ ಅಲ್ಲಲ್ಲಿ ಎಳೆಯಿರಿ. ಸುತ್ತಲೂ ಎಳೆದರೆ ಮಾತ್ರ ಕೆಟ್ಟಿತು.

ಬಣ್ಣ ಬೆರೆಸುವಲ್ಲಿ ಎಚ್ಚರ. ಸಾಮಾನ್ಯ ಸಾಫ್ಟ್‌ವೇರ್‌ನಲ್ಲಿ ನೀಲಿಗೆ ಹಳದಿ ಬೆರೆಸಿದರೆ ಹಸಿರಾಗದೆ ಮಂಕು ಬೂದಿಯಾಗುತ್ತದೆ. ತೋಟದ ಹಸಿರನ್ನು ನೀವೇ ಆರಿಸಿಕೊಳ್ಳಿ. ಅಚ್ಚ ಕಪ್ಪಿನ ಬದಲು ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಸೇರಿದಾಗ ಕಾಗದದ ಮೇಲೆ ಬರುವ ಬೂದುಬಣ್ಣವನ್ನು ಹೊಂದಿಸಿಕೊಳ್ಳಿ. ಮಳೆಮೋಡಕ್ಕೆ ಅದಕ್ಕಿಂತ ಒಪ್ಪುವ ಬಣ್ಣ ನನಗೆ ಕಂಡಿಲ್ಲ.

ಗೆರೆಗೆ ಪಾಠ ಬೇಕಿದ್ದರೆ ಸಾಗರ, ಸೊರಬದ ಕಡೆಯ ಹಸೆ ಚಿತ್ತಾರ ನೋಡಿ. ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ, ಅರೆದ ಅಕ್ಕಿಯ ಬಿಳಿಯಲ್ಲಿ ಬರೆಯುವ ಗೆರೆಗಳವು. ವಿನ್ಯಾಸ ಕರಾರುವಾಕ್ಕು, ಆದರೂ ಹತ್ತಿರ ಹೋದರೆ ಒಂದೊಂದು ಎಳೆಯಲ್ಲೂ ಬಣ್ಣ ತುಂಬಿದ್ದು, ತೀರಿದ್ದು ಕಾಣುತ್ತದೆ. ಗೆರೆಯ ನಡುಕವನ್ನು ತಾನೇ ತಿದ್ದುವ ಸ್ಟೆಬಿಲೈಜರ್ ಅನ್ನು ಆಫ್ ಮಾಡಿಬಿಡಿ, ನಿಮ್ಮ ಕೈಯ ಏರಿಳಿತವೂ ಹಾಗೆಯೇ ಉಳಿಯುತ್ತದೆ. ಅನ್‌ಡೂ ಒತ್ತುವ ಚಾಳಿಗೂ ಕಡಿವಾಣ ಹಾಕಿ. ತಪ್ಪಿದ ಗೆರೆಯ ಮೇಲೆಯೇ ಮುಂದಿನದನ್ನು ಕೂರಿಸಿ.

ಕೊನೆಗೆ ಅದೇ ಕಾಗದದ ಫೋಟೊವನ್ನು ಎಲ್ಲಕ್ಕಿಂತ ಮೇಲಿನ ಲೇಯರ್‌ನಲ್ಲಿ ಮಲ್ಟಿಪ್ಲೈ ಮಾಡಿ, ಅಪಾರದರ್ಶಕತೆ ಶೇ 15ರ ಆಸುಪಾಸು ಇಡಿ. ಮುದ್ರಿಸುವುದಾದರೆ ಮ್ಯಾಟ್ ಕಾಗದವನ್ನೇ ಕೇಳಿ ಪಡೆಯಿರಿ. ಹೊಳಪಿನ ಕಾಗದದಲ್ಲಿ ಈ ತರಿಯೆಲ್ಲ ಅಳಿಸಿಹೋಗುತ್ತದೆ.